ಚಪ್ಪಾಳೆಯ ಸಾಕ್ಷ್ಯ

ಯಾರಿಗೂ ನಷ್ಟವಾಗದ, ಕೇಳಿದವರಿಗೆಲ್ಲ ಸಂತೋಷವನ್ನೇ ಕೊಟ್ಟ ಸುಳ್ಳೊಂದಿದ್ದರೆ ಅದನ್ನು ತಪ್ಪೆನ್ನಬೇಕೆ? ನೀತಿ ಹೇಳುವವರು ಹೌದೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವ್ಯವಹಾರ ಬಲ್ಲವರು ನಕ್ಕು ಬೇರೆ ಮಾತೆತ್ತುತ್ತಾರೆ. ಈ ಎರಡು ಬಗೆಯ ಉತ್ತರವೂ ನನಗೆ ಸಮಾಧಾನ ತಂದಿಲ್ಲ. ಏಕೆಂದರೆ ಇಂಥದೊಂದು ಸುಳ್ಳು ನನ್ನ ಮನೆಯ ಕಪಾಟಿನಲ್ಲೇ ರಟ್ಟಿನ ಕವಚದೊಳಗೆ ಕುಳಿತಿದೆ. ಭಾನುವಾರ ಬೆಳಿಗ್ಗೆ ಅದನ್ನು ಹಾಕಿದರೆ ದೋಸೆ ಹುಯ್ಯುವವರಿಂದ ಹಿಡಿದು ತಿನ್ನುವವರವರೆಗೆ ಎಲ್ಲರ ಕಾಲೂ ತಾಳ ಹಾಕುತ್ತದೆ.

ಅದು ಜಾಜ್ ಸಂಗೀತದ ಒಂದು ಎಲ್‌ಪಿ ಧ್ವನಿಮುದ್ರಿಕೆ. ದಾಸರ ಪದ, ವಚನ, ಯಕ್ಷಗಾನಗಳೆಲ್ಲ ಇರುವಾಗ ಇದೇಕೆಂದು ಹುಬ್ಬೇರಿಸುವ ವಾಚಕರಿಗೆ ನನ್ನ ಅರಿಕೆ ಇಷ್ಟೆ: ನಮ್ಮ ಮನೆಯ ಜಗಳಕ್ಕಿಂತ ದೂರದ ಮನೆಯ ಜಗಳವನ್ನು ನಿಷ್ಪಕ್ಷಪಾತವಾಗಿ ನೋಡುವುದು ಸುಲಭ. ಸಂಗೀತಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಓದಿದ್ದು ಬಿ.ಎಸ್ಸಿ., ಮಾಡುವುದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಆದರೆ ಕಾಗದದಲ್ಲಿ ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆ ನೋಡುವ ಅಭ್ಯಾಸ ಇಪ್ಪತ್ತು ವರ್ಷಗಳಿಂದ ಅಂಟಿಕೊಂಡಿದೆ. ಈ ಲೇಖನಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅದೇ.

ಈ ಸಂಗೀತ ನನ್ನ ಮನೆಗೆ ಬಂದದ್ದು ಕಚೇರಿಯ ದಾರಿಯಿಂದಲೇ. ನಮ್ಮ ವಿಭಾಗದಲ್ಲಿ ಅಧೀಕ್ಷಕರಾಗಿದ್ದು ನಿವೃತ್ತರಾದ ಮಂಗಳೂರು ಕಡೆಯ ಹಿರಿಯರೊಬ್ಬರಿದ್ದಾರೆ. 1978ರಲ್ಲಿ ಮುಂಬಯಿಯಲ್ಲಿ ಮೊದಲ 'ಜಾಜ್ ಯಾತ್ರಾ' ನಡೆದಾಗ ರಜೆ ಹಾಕಿ ಹೋಗಿ ಕೇಳಿದವರು. ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗುವಾಗ ತಮ್ಮ ಧ್ವನಿಮುದ್ರಿಕೆಗಳ ಒಂದು ಕಟ್ಟನ್ನು ನನಗೆ ದಾಟಿಸಿದರು. ಕೇಳುತ್ತ ಕೇಳುತ್ತ ರುಚಿ ಹತ್ತಿತು.

ಜಾಜ್‌ನ ಬಗ್ಗೆ ತಿಳಿದಿರಬೇಕಾದ ಒಂದೇ ಸಂಗತಿಯೆಂದರೆ, ಅದರಲ್ಲಿ ಬರೆದಿಟ್ಟ ಧಾಟಿಗಿಂತ ವಾದಕ ಆ ಕ್ಷಣದಲ್ಲಿ ಕಟ್ಟುವುದಕ್ಕೇ ಬೆಲೆ. ನಮ್ಮಲ್ಲಿ ಮನೋಧರ್ಮವೆನ್ನುತ್ತೇವಲ್ಲ, ಹೆಚ್ಚುಕಡಿಮೆ ಅದು. ಒಂದೇ ಕೃತಿಗೆ ಇಂದು ಹಾಕಿದ ಕಲ್ಪನಾಸ್ವರ ನಾಳೆ ಬರುವುದಿಲ್ಲ. ಎದುರಿಗೆ ಕುಳಿತವರು 'ಭಲೇ' ಎಂದರೆ ವಿದ್ವಾಂಸರ ಕೊರಳು ಇನ್ನೊಂದು ಸುತ್ತು ಏರುತ್ತದೆ. ಮೌನವಾಗಿದ್ದರೆ ತನಿಯಾವರ್ತನ ಬೇಗ ಮುಗಿಯುತ್ತದೆ. ಹಾಗಾಗಿ ಜಾಜ್ ಧ್ವನಿಮುದ್ರಿಕೆಯ ಮೇಲೆ 'ಲೈವ್' ಎಂದು ಅಚ್ಚಾಗಿದ್ದರೆ ಅದು ಬರೀ ಸ್ಥಳದ ವಿಚಾರವಲ್ಲ. ಈ ಸಂಗೀತ ಹುಟ್ಟಿದ್ದು ಜನರ ನಡುವೆ, ಆ ಜನ ಇದನ್ನು ಒಪ್ಪಿದರು, ಒಪ್ಪುತ್ತ ಇದರ ಹುಟ್ಟಿಗೆ ಕೈಯನ್ನೂ ಕೊಟ್ಟರು ಎಂದು ಆ ಒಂದು ಪದ ಪ್ರಮಾಣ ಮಾಡುತ್ತದೆ.

ಆ ಪದಕ್ಕೆ ಮಾರುಕಟ್ಟೆಯೂ ಇತ್ತು. ಕ್ಯಾನನ್‌ಬಾಲ್ ಆಡರ್ಲಿ ಎಂಬ ಸ್ಯಾಕ್ಸೊಫೋನ್ ವಾದಕರ ತಂಡ 1959ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜಾಜ್ ವರ್ಕ್‌ಶಾಪ್ ಎಂಬ ಕ್ಲಬ್ಬಿನಲ್ಲಿ ನಿಜವಾಗಿಯೇ ಜನರೆದುರು ನುಡಿಸಿದ ಧ್ವನಿಮುದ್ರಿಕೆ ಬಹಳ ಖರ್ಚಾಯಿತು. 1965ರಲ್ಲಿ ರ‍್ಯಾಮ್ಸಿ ಲೂಯಿಸ್ ಎಂಬ ಪಿಯಾನೋ ವಾದಕರು ವಾಷಿಂಗ್ಟನ್ನಿನ ಬೊಹೀಮಿಯನ್ ಕ್ಯಾವರ್ನ್ಸ್‌ನಲ್ಲಿ ನುಡಿಸಿದ್ದು ಇನ್ನೂ ಹೆಚ್ಚು ಹೆಸರು ಮಾಡಿತು. ಜನರ ಗದ್ದಲ, ಕೇಕೆ, ಗ್ಲಾಸಿನ ಕಿಣಿಕಿಣಿ ಇವೆಲ್ಲ ದೋಷವಲ್ಲ, ಆಭರಣ ಎಂದು ಕಂಪೆನಿಗಳು ಕಂಡುಕೊಂಡವು.

ಇನ್ನು ನನ್ನ ಕಪಾಟಿನ ಸುಳ್ಳಿನ ಕಥೆ. ಅದರ ಹೆಸರು 'ಮರ್ಸಿ, ಮರ್ಸಿ, ಮರ್ಸಿ! ಲೈವ್ ಅಟ್ ದಿ ಕ್ಲಬ್'. ಅದೇ ಆಡರ್ಲಿಯವರ ಪಂಚಕ ತಂಡ ನುಡಿಸಿದ್ದು, 1967ರಲ್ಲಿ ಬಂದದ್ದು. ಶಿಕಾಗೋದ ದಕ್ಷಿಣ ಭಾಗದಲ್ಲಿ, ಕಪ್ಪು ಜನರ ವಸತಿಯ ನಡುವೆ, ಕ್ಲಬ್ ಡಿಲೀಸಾ ಎಂಬ ಹೆಸರಾಂತ ಮನರಂಜನಾ ಸ್ಥಳವಿತ್ತು. ಅದೇ ಆಮೇಲೆ 'ದಿ ಕ್ಲಬ್' ಎಂಬ ಹೊಸ ಹೆಸರಿನಲ್ಲಿ ತೆರೆಯಿತು. ಈ ಸಂಗೀತ ಅಲ್ಲಿ ನಡೆದದ್ದೆಂದು ಕವಚ ಹೇಳುತ್ತದೆ. ಕೇಳಿದರೆ ನಂಬದೆ ವಿಧಿಯಿಲ್ಲ. ಆಡರ್ಲಿ ನಡುನಡುವೆ ಮಾತಾಡುತ್ತಾರೆ. ಕಷ್ಟ ಎದುರಾದಾಗ ಅದನ್ನು ಹೇಗೆ ನಿಭಾಯಿಸಬೇಕೆಂದು ತಿಳಿಯದೆ ಹೋಗುತ್ತದಲ್ಲ ಎಂಬರ್ಥದ ನಾಲ್ಕು ಮಾತಾಡಿ ಹೆಸರಿನ ಗತ್ತಿಗೆ ಪೀಠಿಕೆ ಹಾಕುತ್ತಾರೆ. ವಿಯೆನ್ನಾದಿಂದ ಬಂದ ಜೋ ಜಾವಿನುಲ್ ಎಂಬ ಬಿಳಿಯ ಪಿಯಾನೋ ವಾದಕ ತಾನೇ ಕಟ್ಟಿದ ಆ ಗತ್ತನ್ನು ವಿದ್ಯುತ್ ಪಿಯಾನೋದ ಮೇಲೆ ಎತ್ತುತ್ತಾನೆ. ಇಗರ್ಜಿಯ ಹಾಡಿನ ಹಾಗೆ ನಿಧಾನವಾಗಿ ಏರುವ ಧಾಟಿ. ಏರಿದಲ್ಲೆಲ್ಲ ಜನ ಕೂಗುತ್ತಾರೆ, ಸೀಟಿ ಹಾಕುತ್ತಾರೆ. ಜಾಜ್ ತಂಡವೊಂದರ ವಾದ್ಯಸಂಗೀತ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೆ ಏರುವುದೆಂದರೆ ಸಾಮಾನ್ಯವಲ್ಲ. ಇದು ಏರಿತು. ಗ್ರಾಮಿ ಪ್ರಶಸ್ತಿಯೂ ಬಂತು.

ಶಿಕಾಗೋದಲ್ಲಿ ಮಾತ್ರ ಇದು ನಡೆದಿರಲಿಲ್ಲ. 1966ರ ಅಕ್ಟೋಬರಿನಲ್ಲಿ, ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಹಾಲಿವುಡ್ಡಿನಲ್ಲಿ, ಕ್ಯಾಪಿಟಲ್ ಕಂಪೆನಿಯ ಸ್ವಂತ ಸ್ಟುಡಿಯೋದಲ್ಲಿ ನಡೆದದ್ದು. ನಿರ್ಮಾಪಕ ಡೇವಿಡ್ ಆಕ್ಸೆಲ್‌ರಾಡ್. ಜನರನ್ನು ಆಹ್ವಾನಿಸಿ ಕರೆಸಿ ಪುಕ್ಕಟೆ ಮದ್ಯ ಹಂಚಿದರು. ಹಾಗಾದರೆ ಶಿಕಾಗೋ ಹೆಸರೇಕೆ? ಆ ಕ್ಲಬ್ಬನ್ನು ಹೊಸದಾಗಿ ನಡೆಸುತ್ತಿದ್ದವರು ಆಡರ್ಲಿಯವರ ಗೆಳೆಯರು. ಗೆಳೆಯರಿಗೆ ಒಂದಿಷ್ಟು ಖರ್ಚಿಲ್ಲದ ಪ್ರಚಾರವಾಗಲಿ ಎಂಬುದೇ ಕಾರಣವೆಂದು ಆಮೇಲಿನ ಮರುಮುದ್ರಣದ ಟಿಪ್ಪಣಿ ಹೇಳುತ್ತದೆ. ಲೋಭವೂ ಅಲ್ಲ, ದ್ವೇಷವೂ ಅಲ್ಲ, ಸ್ನೇಹ.

ಇದನ್ನು ತಿಳಿದ ದಿನ ನಮ್ಮ ಮಂಗಳೂರಿನ ಹಿರಿಯರಿಗೆ ಫೋನು ಮಾಡಿದೆ. ಅವರು ನಕ್ಕುಬಿಟ್ಟರು. "ಅಲ್ಲ ಮಾರಾಯ, ನಿನಗೆ ಪಾಯಸ ಬೇಕೋ, ಅಡುಗೆ ಭಟ್ಟರ ಊರು ಬೇಕೋ?"

"ಊರಿನ ಹೆಸರು ಹೇಳಿಯೇ ಬಡಿಸಿದ್ದಾರಲ್ಲ ಸಾರ್. ಆಗ ಊರೂ ಬೇಕಾಗುತ್ತದೆ."

"ನಿನ್ನ ಕಿವಿಗೆ ವ್ಯತ್ಯಾಸ ಗೊತ್ತಾಯಿತಾ?"

ಗೊತ್ತಾಗಿರಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪೇಟೆಯಲ್ಲಿ ನಂಜನಗೂಡಿನ ರಸಬಾಳೆ ಎಂದು ಕೂಗಿ ಬೇರೆ ಊರಿನ ಹಣ್ಣು ಮಾರಿದವನು, ತಿನ್ನುವವರಿಗೆ ವ್ಯತ್ಯಾಸ ತಿಳಿಯಲಿಲ್ಲವೆಂದು ವಾದಿಸಿದರೆ ನಾವು ಒಪ್ಪುತ್ತೇವೆಯೆ? ನಾಲಿಗೆಗೆ ಮೋಸವಾಗದಿದ್ದರೂ ಹೆಸರಿಗೆ ಮೋಸವಾಗುತ್ತದೆ. ಆ ಹೆಸರನ್ನು ಮಣ್ಣಿನಲ್ಲಿ ದುಡಿದು ಗಳಿಸಿದವರು ಬೇರೆ ಯಾರೋ ಇರುತ್ತಾರೆ. ಶಿಕಾಗೋದ ದಕ್ಷಿಣ ಭಾಗಕ್ಕೂ ಅಂಥ ಹೆಸರಿತ್ತು. ಆ ಕೇರಿಯ ಜನ ಒಪ್ಪಿದ ಸಂಗೀತವೆಂದರೆ ಒಂದು ತೂಕ. ಕಂಪೆನಿ ತನ್ನ ಸ್ಟುಡಿಯೋಗೆ ಕರೆದು ಕುಡಿಸಿ ಕೂರಿಸಿದವರು ಒಪ್ಪಿದ್ದೆಂದರೆ ಇನ್ನೊಂದು ತೂಕ. ಕಾರ್ಯಕ್ರಮದ ನಂತರ ಉಪಾಹಾರವಿದೆ ಎಂದು ಆಮಂತ್ರಣದಲ್ಲಿ ಅಚ್ಚಾದ ದಿನ ನಮ್ಮ ಸಂಘಗಳ ಸಭಾಂಗಣ ಹೇಗೆ ತುಂಬುತ್ತದೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡಿದ್ದುಂಟು. ಹಾಲಿವುಡ್ಡಿನ ಆ ಕೋಣೆಯಲ್ಲಿ ಕುಳಿತವರು ನಿಜವಾದ ಜನ. ಅವರ ಕೇಕೆ ನಿಜ, ಜಾವಿನುಲ್‌ನ ಬೆರಳಿಗೆ ಹುರುಪು ತುಂಬಿದ್ದು ನಿಜ. ಅವರ ಚಪ್ಪಾಳೆಯನ್ನು ಕಾಣದ ಶಿಕಾಗೋ ಜನರ ಹೆಸರಿಗೆ ಬರೆದುಬಿಟ್ಟರು. ಯಾರಿಗೂ ನಷ್ಟವಾಗದ ಸುಳ್ಳು ಎಂದೆನಲ್ಲ, ಇವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಣ್ಣ ನಷ್ಟವೇ ಇರಬಹುದು. ನಷ್ಟವಂತೂ ಹೌದು.

ಸತ್ಯ ಹೇಳಿದ್ದರೆ ಧ್ವನಿಮುದ್ರಿಕೆಯ ಸೊಗಸು ಕೆಡುತ್ತಿತ್ತೆ? ಇದಕ್ಕೆ ನಮ್ಮ ಆಕಾಶವಾಣಿಯೇ ಉತ್ತರ ಕೊಟ್ಟಿದೆ. 1954ರಲ್ಲಿ ಆರಂಭವಾದ ಆಕಾಶವಾಣಿ ಸಂಗೀತ ಸಮ್ಮೇಳನದ ಕಚೇರಿಗಳನ್ನು ಕೇಳಿದವರಿಗೆ ಆ ಪ್ರಕಟಣೆಯ ಧಾಟಿ ನೆನಪಿರುತ್ತದೆ: ಆಹ್ವಾನಿತ ಶ್ರೋತೃಗಳ ಸಮ್ಮುಖದಲ್ಲಿ ಧ್ವನಿಮುದ್ರಿಸಿಕೊಂಡದ್ದು. ಆಹ್ವಾನ ಕೊಟ್ಟು ಕರೆದದ್ದು, ಮೊದಲೇ ಮುದ್ರಿಸಿಕೊಂಡದ್ದು, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಿದ್ದರು. ಹಾಗೆ ಹೇಳಿದ್ದಕ್ಕೆ ಯಾರಾದರೂ ರೇಡಿಯೋ ಆರಿಸಿದ್ದುಂಟೆ? ಆಡರ್ಲಿಯವರಿಗೆ ಬೇಕಾಗಿದ್ದದ್ದು ಅಷ್ಟೇ ಉದ್ದದ ಒಂದು ವಾಕ್ಯ. ಗೆಳೆಯನ ಕ್ಲಬ್ಬಿಗೆ ಈ ಸಂಗೀತ ಅರ್ಪಣೆ ಎಂದು ಇನ್ನೊಂದು ವಾಕ್ಯ ಸೇರಿಸಿದ್ದರೆ ಸ್ನೇಹವೂ ಉಳಿಯುತ್ತಿತ್ತು.

ಆದರೂ ಇದು ನನ್ನ ಲೆಕ್ಕದಲ್ಲಿ ಚಿಕ್ಕ ಸುಳ್ಳು. ದೊಡ್ಡದು ಇದಕ್ಕಿಂತ ಹತ್ತು ವರ್ಷ ಹಿಂದಿನದು. ಅದನ್ನು ಮಾಡಿದವರೂ ದೊಡ್ಡವರು.

ಡ್ಯೂಕ್ ಎಲಿಂಗ್ಟನ್ ಜಾಜ್ ಲೋಕದ ಮಹಾ ವಾಗ್ಗೇಯಕಾರರು. 1956ರ ಹೊತ್ತಿಗೆ ಅವರಿಗೆ 57 ವರ್ಷ. ದೊಡ್ಡ ವಾದ್ಯವೃಂದಗಳ ಕಾಲ ಮುಗಿದಿತ್ತು. ಎಲಿಂಗ್ಟನ್ ಕೂಡ ಮುಗಿದರೆಂದು ಅನೇಕರು ತಿಳಿದಿದ್ದರು. ಆ ವರ್ಷ ಜುಲೈ 7ರ ಶನಿವಾರ ರಾತ್ರಿ ರೋಡ್ ಐಲೆಂಡ್ ರಾಜ್ಯದ ಕಡಲತೀರದ ಊರು ನ್ಯೂಪೋರ್ಟಿನ ಜಾಜ್ ಉತ್ಸವದಲ್ಲಿ ಅವರ ತಂಡದ ಸರದಿ ಬಂತು. ಉತ್ಸವಕ್ಕೆಂದೇ ಅವರೂ ಬಿಲಿ ಸ್ಟ್ರೇಹಾರ್ನರೂ ಸೇರಿ ಹೊಸ ಸಂಗೀತಮಾಲೆಯೊಂದನ್ನು ಹೊಸೆದಿದ್ದರು. ಸಾಕಷ್ಟು ಅಭ್ಯಾಸವಾಗಿರಲಿಲ್ಲ, ಅಲ್ಲಲ್ಲಿ ಎಡವಿತು. ನಂತರ ಎಲಿಂಗ್ಟನ್ 1937ರ ತಮ್ಮದೇ ಹಳೆಯ ರಚನೆಯೊಂದನ್ನು ತೆಗೆದರು. ಅದರ ಎರಡು ಭಾಗಗಳ ನಡುವೆ ಸೇತುವೆಯಾಗಿ ಟೆನರ್ ಸ್ಯಾಕ್ಸೊಫೋನ್ ನುಡಿಸಲು ಎದ್ದುನಿಂತವರು ಪಾಲ್ ಗೊನ್ಸಾಲ್ವೆಸ್. ಹೆಸರು ಕೇಳಿ ಬಂಟವಾಳದ ಕಡೆಯವರೆಂದುಕೊಳ್ಳಬೇಡಿ. ಅವರ ಹಿರಿಯರು ಕೇಪ್ ವರ್ಡ್ ದ್ವೀಪಗಳವರು. ಪೋರ್ಚುಗೀಸರು ಹೋದಲ್ಲೆಲ್ಲ ಬಿಟ್ಟುಬಂದ ಹೆಸರು ಅದು.

ಗೊನ್ಸಾಲ್ವೆಸ್ ಆ ರಾತ್ರಿ ಹನ್ನೆರಡು ಮಾತ್ರಾಗಣಗಳ ಬ್ಲೂಸ್ ಆವರ್ತವನ್ನು 27 ಸಲ ಸುತ್ತಿದರು. ಅಂದರೆ 324 ಗಣಗಳು, ಎಲ್ಲೂ ನಿಲ್ಲದೆ. ಜನ ಮೊದಲು ತಾಳ ಹಾಕಿದರು, ಆಮೇಲೆ ಎದ್ದು ನಿಂತರು, ಕಪ್ಪು ಉಡುಪಿನ ಹೆಂಗಸೊಬ್ಬಳು ಕುಣಿಯತೊಡಗಿದಳು. ಗಲಭೆಯಾದೀತೆಂದು ಉತ್ಸವದ ವ್ಯವಸ್ಥಾಪಕರು ಹೆದರುವಷ್ಟರ ಮಟ್ಟಿಗೆ ಕೋಲಾಹಲವೆದ್ದಿತು. ಮುಂದಿನ ತಿಂಗಳು 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ಚಿತ್ರ. ತಾವು ಹುಟ್ಟಿದ್ದೇ 1956ರಲ್ಲಿ ನ್ಯೂಪೋರ್ಟಿನಲ್ಲಿ ಎಂದು ಅವರು ಆಮೇಲೆ ಹೇಳಿಕೊಳ್ಳುತ್ತಿದ್ದುದುಂಟು.

ಇಷ್ಟೆಲ್ಲ ಆದ ರಾತ್ರಿಯಲ್ಲಿ ಒಂದು ಅನಾಹುತ ನಡೆದಿತ್ತು. ವೇದಿಕೆಯ ಮೇಲೆ ಎರಡು ಪಾಳಿಯ ಧ್ವನಿಗ್ರಾಹಕಗಳಿದ್ದವು. ಒಂದು ಕೊಲಂಬಿಯಾ ಕಂಪೆನಿಯದು, ಇನ್ನೊಂದು ವಾಯ್ಸ್ ಆಫ್ ಅಮೆರಿಕ ಬಾನುಲಿಯದು. ಗೊನ್ಸಾಲ್ವೆಸ್ ನಿಂತದ್ದು ಬಾನುಲಿಯವರದರ ಎದುರು. ಧ್ವನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆಂದು ಪಿ.ಯು.ಸಿ.ಯಲ್ಲಿ ಓದಿದ್ದೇವೆ. ಎರಡರಷ್ಟು ದೂರವಾದರೆ ಕಾಲುಭಾಗ, ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗ. ಹೀಗಾಗಿ ಕೊಲಂಬಿಯಾದವರ ಟೇಪಿನಲ್ಲಿ ಜನರ ಗದ್ದಲ ಜೋರಾಗಿಯೂ ಸ್ಯಾಕ್ಸೊಫೋನು ಪಕ್ಕದ ಮನೆಯಿಂದ ಕೇಳಿಬಂದಂತೆಯೂ ದಾಖಲಾಯಿತು.

ಸೋಮವಾರ ಜುಲೈ 9ರಂದು ಎಲಿಂಗ್ಟನ್ ತಂಡವನ್ನು ನ್ಯೂಯಾರ್ಕಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿ ನಿರ್ಮಾಪಕ ಜಾರ್ಜ್ ಅವಾಕಿಯನ್ ಹೊಸ ಸಂಗೀತಮಾಲೆಯನ್ನು ಮತ್ತೆ ನುಡಿಸಿದರು, ಅದರ ಮೇಲೆ ಸಭಿಕರ ಚಪ್ಪಾಳೆ ಬೆರೆಸಿದರು. 'ಎಲಿಂಗ್ಟನ್ ಅಟ್ ನ್ಯೂಪೋರ್ಟ್' ಎಂಬ ಆ ಧ್ವನಿಮುದ್ರಿಕೆಯಲ್ಲಿ ನಿಜವಾಗಿ ನ್ಯೂಪೋರ್ಟಿನದು ಸುಮಾರು ಶೇಕಡಾ 40 ಮಾತ್ರ ಎಂದು ಲೆಕ್ಕ ಹಾಕಿದ್ದಾರೆ. ಎಲಿಂಗ್ಟನ್ ಹೆಸರಿನಲ್ಲಿ ಅತಿ ಹೆಚ್ಚು ಮಾರಾಟವಾದದ್ದೂ ಅದೇ.

ಇಲ್ಲಿ ಎಲಿಂಗ್ಟನ್ ಪಕ್ಷವನ್ನೂ ಕೇಳಬೇಕು. ಅವರದು ಕ್ಷುಲ್ಲಕ ಪಕ್ಷವಲ್ಲ. ಬರೆದ ಕೃತಿಗೆ ಕೃತಿಕಾರನು ಸಲ್ಲಿಸಬೇಕಾದ ಋಣವೊಂದಿದೆ. ಅಭ್ಯಾಸ ಸಾಲದೆ ಒಂದು ರಾತ್ರಿ ಎಡವಿದ್ದನ್ನು ಶಾಶ್ವತವಾಗಿ ಅಚ್ಚೊತ್ತಿ ಲೋಕಕ್ಕೆ ಹಂಚಬೇಕೆಂದು ಯಾರೂ ಅವರನ್ನು ಬಲವಂತ ಮಾಡುವಂತಿಲ್ಲ. ಕವಿ ಕರಡು ತಿದ್ದುವುದಿಲ್ಲವೆ? ಶಿಲ್ಪಿ ಮೂಗು ಸರಿಮಾಡುವುದಿಲ್ಲವೆ? ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದು ಅವರ ಹಕ್ಕು, ಒಂದು ಅರ್ಥದಲ್ಲಿ ಕರ್ತವ್ಯ ಕೂಡ. ಮೈಲ್ಸ್ ಡೇವಿಸ್ ಎಂಬ ಇನ್ನೊಬ್ಬ ದೊಡ್ಡ ವಾದಕರ 1970ರ 'ಬಿಚಸ್ ಬ್ರೂ' ಧ್ವನಿಮುದ್ರಿಕೆ ಟೇಪನ್ನು ಕತ್ತರಿಸಿ ಅಂಟಿಸಿ ಮಾಡಿದ್ದೇ. ಅದನ್ನು ಯಾರೂ ಮೋಸವೆನ್ನಲಿಲ್ಲ, ಏಕೆಂದರೆ ಇಂಥ ರಾತ್ರಿ ಇಂಥ ಊರಿನಲ್ಲಿ ನಡೆದದ್ದೆಂದು ಅದು ಹೇಳಿಕೊಳ್ಳಲೇ ಇಲ್ಲ. ಆದ್ದರಿಂದ ಸ್ಟುಡಿಯೋವನ್ನೂ ಕತ್ತರಿಯನ್ನೂ ನಾನು ದೂರುವುದಿಲ್ಲ.

ನನ್ನ ತಕರಾರು ಚಪ್ಪಾಳೆಯದು. ಜುಲೈ 9ರಂದು ಸ್ಟುಡಿಯೋದಲ್ಲಿ ನುಡಿಸಿದ ಸಂಗೀತಕ್ಕೆ ಜಗತ್ತಿನಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅದರ ಕೆಳಗೆ ಹಾಕಿದ ಚಪ್ಪಾಳೆ ಬೇರೆ ಯಾವುದಕ್ಕೋ ಬಿದ್ದದ್ದು. ಹಳ್ಳಿಯ ಸಾಹುಕಾರ ಖಾಲಿ ಛಾಪಾಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮೇಲಿನ ಬರಹವನ್ನು ಆಮೇಲೆ ತಾನೇ ಬರೆದುಕೊಳ್ಳುತ್ತಿದ್ದ ಕಥೆಗಳನ್ನು ನಮ್ಮ ಅಜ್ಜಂದಿರಿಂದ ಕೇಳಿದ್ದೇವೆ. ಹೆಬ್ಬೆಟ್ಟು ಅಸಲಿಯೇ, ಕಾಗದ ಅಸಲಿಯೇ, ಆದರೂ ಪತ್ರ ಖೋಟಾ. ಚಪ್ಪಾಳೆಯೂ ಒಂದು ಹೆಬ್ಬೆಟ್ಟು. ನಾನಿದನ್ನು ಕೇಳಿದೆ, ಮೆಚ್ಚಿದೆ ಎಂದು ಹೆಸರಿಲ್ಲದ ಮನುಷ್ಯ ಹಾಕುವ ಸಹಿ. ಅದು ಶಬ್ದವಷ್ಟೇ ಆಗಿದ್ದರೆ ಮಳೆಯ ಸದ್ದನ್ನೋ ಗುಡುಗಿನ ಸದ್ದನ್ನೋ ಬೆರೆಸಿದ ಹಾಗೆ ಬೆರೆಸಬಹುದಿತ್ತು. ಸಾಕ್ಷ್ಯವಾದದ್ದರಿಂದ ಬೆರೆಸಬಾರದು.

ಕಚೇರಿಯಲ್ಲಿ ಯಾವ ಅರ್ಜಿ ತೆಗೆದರೂ ಕೊನೆಯಲ್ಲಿ ಎಡಗಡೆ ಎರಡು ಸಾಲು ಇರುತ್ತದೆ: ಸ್ಥಳ, ದಿನಾಂಕ. ಬಲಗಡೆ ಸಹಿ. ಗೆಜೆಟೆಡ್ ಅಧಿಕಾರಿಯ ಮೊಹರಿಗಾಗಿ ಅಲೆಯುತ್ತಿದ್ದ ಕಾಲ ಹೋಗಿ ಈಗ ಬಹುಪಾಲು ಸ್ವಯಂ ದೃಢೀಕರಣ ಬಂದಿದೆ. ಆದರೂ ಆ ಮೂರು ಖಾನೆಗಳು ಹೋಗಿಲ್ಲ. ಹೊಸದಾಗಿ ಸೇರಿದ ಹುಡುಗರು ಅವನ್ನು ಶಾಸ್ತ್ರಕ್ಕೆಂದು ತುಂಬುತ್ತಾರೆ. ಒಳಗಿನ ವಿಷಯ ಸರಿಯಿದ್ದರೆ ಸಾಲದೆ ಎಂದು ಕೇಳುತ್ತಾರೆ. ಸಾಲದು. ಒಳಗಿನ ವಿಷಯಕ್ಕೆ ಒಬ್ಬ ಮನುಷ್ಯ ಒಂದು ಜಾಗದಲ್ಲಿ ಒಂದು ದಿನ ಹೊಣೆಯಾಗಿ ನಿಂತ ಎಂಬುದನ್ನು ಹೇಳುವ ಖಾನೆಗಳು ಅವು. ಶಿಕಾಗೋ ಪ್ರಕರಣದಲ್ಲಿ ಸಹಿ ನಿಜ, ಸ್ಥಳ ಸುಳ್ಳು. ನ್ಯೂಪೋರ್ಟ್ ಪ್ರಕರಣದಲ್ಲಿ ಸ್ಥಳ ಅರ್ಧ ನಿಜ, ಸಹಿಯನ್ನು ಬೇರೆ ಕಾಗದದಿಂದ ಕತ್ತರಿಸಿ ಅಂಟಿಸಿದ್ದು. ನಾನು ಶಿಕ್ಷೆ ವಿಧಿಸುವ ಅಧಿಕಾರಿಯಾದರೆ ಮೊದಲನೆಯದಕ್ಕೆ ಮೆಮೊ, ಎರಡನೆಯದಕ್ಕೆ ವಿಚಾರಣೆ.

ಅರ್ಧ ನಿಜ ಎಂದಾಗ ಕುರುಕ್ಷೇತ್ರದ ಧರ್ಮರಾಯ ನೆನಪಾಗದೆ ಇರುವುದಿಲ್ಲ. ಆನೆಯ ಹೆಸರನ್ನು ಮೆಲ್ಲಗೆ ನುಂಗಿದ ಆ ಕ್ಷಣ, ಅದುವರೆಗೆ ನೆಲಕ್ಕೆ ನಾಲ್ಕಂಗುಲ ಮೇಲೆ ಓಡುತ್ತಿದ್ದ ರಥ ಧೂಳಿಗಿಳಿಯಿತೆನ್ನುತ್ತಾರೆ. ರಥ ಮುರಿಯಲಿಲ್ಲ. ಯುದ್ಧವನ್ನೂ ಗೆದ್ದರು. ಎಲಿಂಗ್ಟನ್ನರ ರಥವೂ ಮುರಿಯಲಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. ಆ ಧ್ವನಿಮುದ್ರಿಕೆಗೆ ಹೆಸರು ತಂದದ್ದು ಗೊನ್ಸಾಲ್ವೆಸರ 27 ಆವರ್ತಗಳು. ಅವು ಮಾತ್ರ ಆ ರಾತ್ರಿಯವೇ. ದೂರದಿಂದ ಕೇಳಿದಂತಿದ್ದರೂ ಅವನ್ನು ಹಾಗೆಯೇ ಉಳಿಸಿದ್ದರು. ಕೋಲಾಹಲವನ್ನು ಸ್ಟುಡಿಯೋದಲ್ಲಿ ಹುಟ್ಟಿಸಲು ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತೆಂದು ತೋರುತ್ತದೆ. ಜನ ಕೊಂಡದ್ದು ಮಸುಕಾದ ನಿಜವನ್ನು. ಸ್ಪಷ್ಟವಾದ ನಕಲು ಜೊತೆಗೆ ಬಂತು.

ನಿಜದ ಇನ್ನೊಂದು ಭಾಗ ಬಹುಕಾಲ ಕಾದಿತ್ತು. 1990ರ ದಶಕದಲ್ಲಿ ವಾಯ್ಸ್ ಆಫ್ ಅಮೆರಿಕದ ಟೇಪುಗಳು ಸಿಕ್ಕವು. ಗೊನ್ಸಾಲ್ವೆಸ್ ಎದುರು ನಿಂತಿದ್ದ ಧ್ವನಿಗ್ರಾಹಕ ಹಿಡಿದದ್ದು ಅವುಗಳಲ್ಲಿತ್ತು. ಎರಡು ಟೇಪುಗಳೂ ಬೇರೆಬೇರೆ ಯಂತ್ರಗಳಲ್ಲಿ ಓಡಿದವು, ವೇಗ ಕೂದಲೆಳೆಯಷ್ಟಾದರೂ ಬೇರೆ. ಅವನ್ನು ಒಂದಕ್ಕೊಂದು ಹೊಂದಿಸಿ, ಕೊಲಂಬಿಯಾದ್ದನ್ನು ಒಂದು ಕಿವಿಗೂ ಬಾನುಲಿಯದನ್ನು ಇನ್ನೊಂದು ಕಿವಿಗೂ ಕೊಟ್ಟು, ಫಿಲ್ ಶಾಪ್ ಎಂಬವರು ಎಲಿಂಗ್ಟನ್ ಜನ್ಮಶತಾಬ್ದಿಯ ವರ್ಷವಾದ 1999ರಲ್ಲಿ ಇಡೀ ರಾತ್ರಿಯನ್ನು ಎರಡು ಸಿ.ಡಿ.ಗಳಲ್ಲಿ ಹೊರತಂದರು. ಎಡವಿದ ಸಂಗೀತಮಾಲೆಯೂ ಇದೆ, ಸ್ಟುಡಿಯೋದಲ್ಲಿ ನುಡಿಸಿದ್ದೂ ಇದೆ. ನನ್ನ ಕಿವಿಗೆ ಎಡವಿದ್ದು ಅಷ್ಟೇನೂ ದೊಡ್ಡ ಎಡವಾಗಿ ಕೇಳಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡವನ ನಡಿಗೆಯಂತಿದೆ. ಅದಕ್ಕೂ ಜನ ಚಪ್ಪಾಳೆ ತಟ್ಟಿದ್ದಾರೆ. ಅಷ್ಟು ಜೋರಾಗಿ ಅಲ್ಲ, ಸೌಜನ್ಯದಿಂದ. ಆ ಸೌಜನ್ಯದ ಚಪ್ಪಾಳೆ 43 ವರ್ಷ ಯಾರಿಗೂ ಕೇಳಿಸಿರಲಿಲ್ಲ.

ಹಾಗಾದರೆ ಸ್ಟುಡಿಯೋದಲ್ಲಿ ಕುಳಿತು ಕ್ಲಬ್ಬಿನಲ್ಲಿರುವಂತೆ ನಟಿಸುವುದೇ ತಪ್ಪೆ? ಅಲ್ಲವೆಂದು ತೋರಿಸಿಕೊಟ್ಟವರು ಚಾರ್ಲ್ಸ್ ಮಿಂಗಸ್. ಭಾರಿ ಆಳು, ಬೇಸ್ ವಾದಕರು, ಮುಂಗೋಪಕ್ಕೆ ಹೆಸರಾದವರು. 1960ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ, ಎರಿಕ್ ಡಾಲ್ಫಿ ಮೊದಲಾದ ಮೂವರೊಂದಿಗೆ, ನ್ಯಾಟ್ ಹೆಂಟಾಫ್ ಎಂಬ ವಿಮರ್ಶಕರ ನಿರ್ಮಾಣದಲ್ಲಿ ಅವರ ಧ್ವನಿಮುದ್ರಣ ನಡೆಯಿತು. ಪ್ರತಿ ಗತ್ತಿಗೂ ಮೊದಲು ಮಿಂಗಸ್ ಮಾತಾಡುತ್ತಾರೆ, ತಾವು ಆಗ ನುಡಿಸುತ್ತಿದ್ದ ಕ್ಲಬ್ಬಿನಲ್ಲೇ ನಿಂತಿರುವ ಹಾಗೆ. ದಯವಿಟ್ಟು ಚಪ್ಪಾಳೆ ತಟ್ಟಬೇಡಿ, ಪಾನೀಯ ಕೇಳಬೇಡಿ, ಗಲ್ಲಾಪೆಟ್ಟಿಗೆಯ ಗಂಟೆ ಬಾರಿಸಬೇಡಿ ಎಂದೆಲ್ಲ ಗದರಿಸುತ್ತಾರೆ. ಎದುರಿಗೆ ಯಾರೂ ಇಲ್ಲ. ಗತ್ತು ಮುಗಿದ ಮೇಲೆ ಬರುವುದು ಬರೀ ನಿಶ್ಶಬ್ದ. ಅಷ್ಟರಲ್ಲಿ ಕೇಳುವವನಿಗೆ ಅರ್ಥವಾಗಿ ನಗು ಬರುತ್ತದೆ: ಗದರಿಸಿದ್ದು ಮನೆಯಲ್ಲಿ ಕಾಫಿ ಲೋಟ ಕುಟ್ಟುತ್ತ ಕುಳಿತ ನನ್ನನ್ನೇ! ಅರ್ಕಾನ್ಸಾ ರಾಜ್ಯದ ಲಿಟಲ್‌ರಾಕ್ ಊರಿನ ಶಾಲೆಗೆ ಕಪ್ಪು ಮಕ್ಕಳು ಬಾರದಂತೆ 1957ರಲ್ಲಿ ಸೈನಿಕರನ್ನು ನಿಲ್ಲಿಸಿದ ರಾಜ್ಯಪಾಲ ಫಾಬಸ್‌ನನ್ನು ಮೂದಲಿಸುವ ಗತ್ತೊಂದಿದೆ. 1959ರಲ್ಲಿ ದೊಡ್ಡ ಕಂಪೆನಿಯಿಂದ ಅದು ಮಾತಿಲ್ಲದೆ, ಬರೀ ವಾದ್ಯವಾಗಿ ಬಂದಿತ್ತು. ಮಾತುಗಳೊಡನೆ ಬಂದದ್ದು ಈ ನಟನೆಯ ಸಭೆಯಲ್ಲಿ.

ಯಕ್ಷಗಾನದಲ್ಲಿ ರಾವಣ ಬಣ್ಣ ಬಳಿದು ಬಂದಾಗ ನಾವು ಸುಳ್ಳೆನ್ನುವುದಿಲ್ಲ. ವೇಷವೆನ್ನುತ್ತೇವೆ. ಚೌಕಿಯಲ್ಲಿ ಬಣ್ಣ ಬಳಿದುಕೊಂಡದ್ದು ಅವನಿಗೂ ಗೊತ್ತು, ನಮಗೂ ಗೊತ್ತು. ಮಿಂಗಸ್ ಹಾಕಿದ್ದು ವೇಷ. ಅದೇ ವೇಷಧಾರಿ ಬೆಳಗಾದ ಮೇಲೆ ಬಣ್ಣ ಒರೆಸದೆ ಊರೊಳಗೆ ಹೋಗಿ ಕಪ್ಪಕಾಣಿಕೆ ವಸೂಲು ಮಾಡಿದರೆ ಮಾತು ಬೇರೆ. ಇದೇ ಮಿಂಗಸ್ 1953ರ ಮೇ 15ರಂದು ಟೊರಾಂಟೋದ ಮ್ಯಾಸಿ ಹಾಲ್‌ನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದ ಮಹಾಮಹಿಮರ ಜೊತೆ ನುಡಿಸಿದಾಗ ತಮ್ಮ ಬೇಸ್ ಟೇಪಿನಲ್ಲಿ ಸರಿಯಾಗಿ ಕೇಳಲಿಲ್ಲವೆಂದು ಆಮೇಲೆ ಅದರ ಮೇಲೆ ಮತ್ತೆ ನುಡಿಸಿ ಸೇರಿಸಿದರು. ತನ್ನ ಸಹಿ ಮಸುಕಾಯಿತೆಂದು ಅದರ ಮೇಲೆ ತಾನೇ ಗಾಢವಾಗಿ ಇನ್ನೊಮ್ಮೆ ಬರೆದ ಹಾಗೆ. ಹೇಳಬೇಕಿತ್ತು, ಅಷ್ಟೆ.

ನಮ್ಮ ವಾಚಕರಿಗೂ ಇದಕ್ಕೂ ಏನು ಸಂಬಂಧ ಎಂದರೆ, 'ಲೈವ್' ಎಂಬ ಪದ ಯಾರಿಗಾಗಿ ಎಂದು ಯೋಚಿಸಿ ನೋಡಬೇಕು. ಆ ರಾತ್ರಿ ಅಲ್ಲಿದ್ದವರಿಗೆ ಅದು ಬೇಕಿಲ್ಲ. ಹೋಗಲಾಗದವರಿಗಾಗಿ ಅಚ್ಚಾದ ಪದ ಅದು. ಊರು ಬಿಟ್ಟು ಬಂದ ನಮ್ಮಂಥವರು ಬದುಕಿನ ಎಷ್ಟೋ ರಾತ್ರಿಗಳಿಗೆ ಹೋಗಲಾಗದವರೇ. ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಯ ಟೇಪೊಂದು ನನ್ನ ಬಳಿ ಇದೆ. ಬಂಧುವೊಬ್ಬರು ಚಪ್ಪರದ ಕೆಳಗೆ ಕುಳಿತು ಹಿಡಿದದ್ದು. ಆಲಾಪನೆಯ ನಡುವೆ ಯಾರೋ ಕೆಮ್ಮುತ್ತಾರೆ, ಮಗುವೊಂದು ನೀರು ಕೇಳುತ್ತದೆ, ದೂರದಲ್ಲಿ ಬಸ್ಸಿನ ಹಾರನ್. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಅದನ್ನು ಕೇಳುವಾಗ ನಾನು ಕಾಯುವುದು ರಾಗಕ್ಕಾಗಿ ಮಾತ್ರವಲ್ಲ, ಆ ಕೆಮ್ಮಿಗಾಗಿಯೂ. ಆ ಕೆಮ್ಮನ್ನು ಸ್ಟುಡಿಯೋದಲ್ಲಿ ಯಾರೋ ಸಂಬಳಕ್ಕೆ ಕೆಮ್ಮಿದ್ದೆಂದು ನಾಳೆ ಗೊತ್ತಾದರೆ ರಾಗಕ್ಕೆ ಏನೂ ಆಗುವುದಿಲ್ಲ, ನಿಜ. ನನಗೆ ಆಗುತ್ತದೆ. ಅಲ್ಲಿದ್ದವನು ನಕಲನ್ನು ಪತ್ತೆ ಹಚ್ಚಬಲ್ಲ. ದೂರದಲ್ಲಿರುವವನಿಗೆ ನಂಬುವುದಲ್ಲದೆ ಬೇರೆ ದಾರಿಯಿಲ್ಲ. ಅವನನ್ನು ವಂಚಿಸುವುದು ಬಹಳ ಸುಲಭ, ಅದಕ್ಕೇ ಬಹಳ ಕೆಟ್ಟದ್ದು.

ಇದನ್ನೆಲ್ಲ ನಮ್ಮ ಹಿರಿಯರಿಗೆ ಮತ್ತೊಮ್ಮೆ ವಿವರಿಸಿದೆ. "ಹಾಗಾದರೆ ಆ ರೆಕಾರ್ಡು ನನಗೆ ವಾಪಸು ಕೊಡು ಮಾರಾಯ," ಎಂದರು. ಕೊಡುವುದಿಲ್ಲವೆಂದೆ. ಜಾವಿನುಲ್ ಆ ಧಾಟಿಯನ್ನು ಎತ್ತುವ ರೀತಿಗೆ ಹಾಲಿವುಡ್ಡೂ ಶಿಕಾಗೋವೂ ಅಡ್ಡಬರುವುದಿಲ್ಲ. ಅದು ಚೆನ್ನಾಗಿದೆ ಎಂಬುದನ್ನು ನಾನು ಎಂದೂ ಪ್ರಶ್ನಿಸಿಲ್ಲ.

ಹೆಸರು ಬದಲಾಯಿಸಬೇಕೆಂದೂ ನನಗನ್ನಿಸುವುದಿಲ್ಲ. ಬಾಂಬೆ ಮುಂಬಯಿಯಾದ ಮೇಲೂ ಇಲ್ಲಿನ ಉಚ್ಚ ನ್ಯಾಯಾಲಯ ಬಾಂಬೆ ಹೈಕೋರ್ಟ್ ಆಗಿಯೇ ಇದೆ. ಬಳಕೆಯಲ್ಲಿ ಊರಿದ ಹೆಸರು ಯಾವ ಸಂಗತಿಯನ್ನೂ ಪ್ರಮಾಣ ಮಾಡುವುದಿಲ್ಲ. 'ಮರ್ಸಿ'ಯ ಸಿ.ಡಿ. ಮರುಮುದ್ರಣದ ಹೊರಕವಚ ಈಗಲೂ ಲೈವ್ ಅಟ್ ದಿ ಕ್ಲಬ್ ಎಂದೇ ಹೇಳುತ್ತದೆ. ನಿಜವಾದ ಸ್ಥಳ ಯಾವುದು, ಕರೆದವರು ಯಾರು, ಕುಡಿಸಿದ್ದು ಏಕೆ ಎಂಬುದೆಲ್ಲ ಒಳಗಿನ ಟಿಪ್ಪಣಿಯಲ್ಲಿ ಅಚ್ಚಾಗಿದೆ. ನನ್ನ ಹಳೆಯ ಎಲ್‌ಪಿಯಲ್ಲಿ ಆ ಟಿಪ್ಪಣಿಯಿಲ್ಲ. ಕಳೆದ ವಾರ ಒಂದು ಚೀಟಿಯ ಮೇಲೆ ಸ್ಥಳವನ್ನೂ ತಿಂಗಳು ಇಸವಿಗಳನ್ನೂ ಬರೆದು, ಕೆಳಗೆ ಸಹಿ ಹಾಕಿ, ಕವಚದೊಳಗೆ ಇಟ್ಟಿದ್ದೇನೆ.